ಪೂಲ್ ಪಂಪ್ ಕೆಟ್ಟಿದೆ, ವೇಗ ಬದಲಿಸಬಹುದಾದ ವೇರಿಯಬಲ್ ಸ್ಪೀಡ್ ಪಂಪ್ ಹಾಕಿಸಿದವರು ಅನುಭವ ಹೇಳಿ

ಚಾಂಡ್ಲರ್, ಅರಿಜೋನಾ: ನಮ್ಮ ಪೂಲ್ 15,000 ಗ್ಯಾಲನ್. ಒಂದೂವರೆ ಎಚ್‌ಪಿಯ ಹಳೇ ಪಂಪ್ ಮೊನ್ನೆ ಜಾಮ್ ಆಯಿತು. ಉಪ್ಪುನೀರಿನಿಂದ ಕ್ಲೋರಿನ್ ಮಾಡುವ ಸಾಲ್ಟ್ ಸೆಲ್ ಇದೆ, ಹೀಟರ್ ಇಲ್ಲ. ನಾನೇ ಕೂರಿಸಬಹುದಾ? ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಇಡುತ್ತೀರಿ?

ಪ್ಲೇನೋ, ಟೆಕ್ಸಾಸ್: ನಾನೇ ಕೂರಿಸಿದೆ, ಹೆಮ್ಮೆಯಿಂದಲೇ ಹೇಳುತ್ತೇನೆ. ಪಂಪ್‌ಗೆ 1,180 ಡಾಲರ್. ಹಳೇ ಪಂಪ್‌ಗಿಂತ ಇದರ ಬಾಯಿ ಮುಕ್ಕಾಲು ಇಂಚು ಮೇಲಿತ್ತು. ಅದಕ್ಕೇ ಸಕ್ಷನ್ ಪೈಪ್ ಮೂರು ಸಲ ಕತ್ತರಿಸಬೇಕಾಯಿತು. ಮೊದಲ ಸಲ ಅಂಟು ಸರಿಯಾಗಿ ಹಿಡಿಯಲಿಲ್ಲ, ಪಂಪ್‌ನ ಕಸ ಹಿಡಿಯುವ ಬುಟ್ಟಿಯ ಮುಚ್ಚಳದಡಿ ಬರೀ ಗಾಳಿಗುಳ್ಳೆ. ಎರಡನೇ ಸಲ ಎಲ್ಬೋ ಪಂಪ್‌ಗೆ ತೀರಾ ಹತ್ತಿರ ಬಂತು. ಮೂರನೇ ಸಲ ಬಿಚ್ಚಿ ಜೋಡಿಸಬಹುದಾದ ಯೂನಿಯನ್ ಹಾಕಿದೆ, ಅಲ್ಲಿಗೆ ಮುಗಿಯಿತು. ಫಿಟ್ಟಿಂಗ್‌ಗಳಿಗೇ 94 ಡಾಲರ್, ಅಂಗಡಿಗೆ ಏಳು ಸಲ ಓಡಾಟ. ಹಳೆಯದು 1,700 ವ್ಯಾಟ್ ಎಳೆಯುತ್ತಿತ್ತು, ದಿನಕ್ಕೆ ಎಂಟು ಗಂಟೆ. ಈಗ 1,500 ಆರ್‌ಪಿಎಂನಲ್ಲಿ 24 ಗಂಟೆ ಓಡುತ್ತದೆ, ಪರದೆಯಲ್ಲಿ 190 ವ್ಯಾಟ್. ತಿಂಗಳಿಗೆ 38 ಡಾಲರ್ ಉಳಿತಾಯ.

ಸ್ಯಾಕ್ರಮೆಂಟೊ: ಸುಮ್ನೆ ಆಸೆ ಹುಟ್ಟಿಸಬೇಡಿ. ನಾನು ಕೂಲಿ ಸೇರಿ 2,350 ಡಾಲರ್ ಕೊಟ್ಟು ಹಾಕಿಸಿದೆ. ಮೂರನೇ ಬೇಸಿಗೆಗೆ ಪರದೆ ಸತ್ತುಹೋಯಿತು. ವೇಗ ನಿಯಂತ್ರಿಸುವ ಡ್ರೈವ್ ಬೋರ್ಡ್ ಸುಟ್ಟಿದೆ ಎಂದರು, 740 ಡಾಲರ್. ವಾರಂಟಿ ಕೇಳಿದರೆ, ಕೂರಿಸಿದವನು ನೋಂದಣಿಯನ್ನೇ ಮಾಡಿರಲಿಲ್ಲ. ನನ್ನ ಹಳೇ ಸಿಂಗಲ್ ಸ್ಪೀಡ್ 14 ವರ್ಷ ಬಾಳಿತು. ಅಷ್ಟು ವರ್ಷದಲ್ಲಿ ಬದಲಿಸಿದ್ದು ಒಂದು ಕೆಪಾಸಿಟರ್, 20 ಡಾಲರ್! ಈಗ ಅಂಥದ್ದು ಬೇಕೆಂದರೂ ಕಷ್ಟ. 2021ರ ಜುಲೈನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಬಂದ ಮೇಲೆ ದೊಡ್ಡ ಸಿಂಗಲ್ ಸ್ಪೀಡ್ ಪಂಪ್‌ಗಳ ತಯಾರಿಕೆ ಹೆಚ್ಚುಕಡಿಮೆ ನಿಂತೇಹೋಯಿತು.

ಪ್ಲೇನೋ: ನಿಮ್ಮ ಪಂಪ್ ಪಡುವಣ ಬಿಸಿಲಿಗೆ ಇದೆ ಅಂತ ಹಿಂದೊಮ್ಮೆ ನೀವೇ ಬರೆದಿದ್ದಿರಿ. ನೆರಳಿಲ್ಲದೆ ಇಟ್ಟು ಪಂಪನ್ನು ದೂರಿದರೆ ಹೇಗೆ? ವೇಗ ಅರ್ಧಕ್ಕೆ ಇಳಿಸಿದರೆ ಕರೆಂಟು ಎಂಟರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಬರುತ್ತದೆ. ಅದು ಲೆಕ್ಕ, ಆಸೆಯಲ್ಲ.

ಸ್ಯಾಕ್ರಮೆಂಟೊ: 740 ಡಾಲರ್ ಕೂಡ ಲೆಕ್ಕವೇ ಸ್ವಾಮಿ. ನಿಮ್ಮ ಉಳಿತಾಯದಲ್ಲಿ ಅದು ಇಪ್ಪತ್ತು ತಿಂಗಳು.

ಟ್ಯಾಂಪಾ: ನಿಮ್ಮಿಬ್ಬರ ಜಗಳದಲ್ಲಿ ಸಾಲ್ಟ್ ಸೆಲ್ ಮರೆತೇಹೋಯಿತು. ಉಳಿತಾಯ ಜಾಸ್ತಿ ಆಗಲಿ ಅಂತ ನಾನು 1,200 ಆರ್‌ಪಿಎಂಗೆ ಇಟ್ಟೆ. ಆ ಹರಿವು ಸೆಲ್‌ಗೆ ಸಾಲಲಿಲ್ಲ, ಅದು ಕ್ಲೋರಿನ್ ಮಾಡುವುದನ್ನೇ ನಿಲ್ಲಿಸಿತು. ನಾವು ಊರಿಗೆ ಹೋಗಿದ್ದೆವು, ನೋಡುವವರಿಲ್ಲ. ಹದಿನೈದು ದಿನಕ್ಕೆ ಪೂಲ್ ಕೆರೆಯ ಹಾಗೆ ಹಸಿರು. ಲಿಕ್ವಿಡ್ ಕ್ಲೋರಿನ್‌ಗೇ 160 ಡಾಲರ್ ಸುರಿದೆ. ಈಗ 1,750. ಇನ್ನೊಂದು ಮಾತು. ಹಳೇ ಟೈಮರ್ ಡಬ್ಬಿ ರಾತ್ರಿ ಪಂಪ್‌ನ ಕರೆಂಟನ್ನೇ ಕಡಿಯುತ್ತಿತ್ತು, ಅದನ್ನು ತೆಗೆಸಿದೆ. ತೆಗೆದ ಮೇಲೆ ಸೆಲ್‌ನ ವೈರಿಂಗ್ ಬೇರೆ ನೋಡಬೇಕಾಯಿತು. ಪಂಪ್ ನಿಂತಾಗ ಸೆಲ್ ಓಡುತ್ತಿರಲೇಬಾರದು, ಪೈಪಿನೊಳಗೆ ಹೈಡ್ರೋಜನ್ ತುಂಬಿಕೊಳ್ಳುತ್ತದೆ. ಇಲ್ಲಿ ದುಡ್ಡು ಉಳಿಸಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ಮೈಸೂರು: ನಮ್ಮ ತೋಟದ ಮನೆಯಲ್ಲಿ 40,000 ಲೀಟರ್ ಪೂಲ್. ತ್ರೀ ಫೇಸ್ ಪಂಪ್‌ಗೆ ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಹಾಕಿಸಿದೆ, 31,000 ರೂಪಾಯಿ. ವೋಲ್ಟೇಜ್ ಇಳಿದಾಗಲೆಲ್ಲ ಟ್ರಿಪ್. ಮರಳಿನ ಫಿಲ್ಟರ್ ತೊಳೆಯಲು ನೀರನ್ನು ಹಿಮ್ಮುಖ ಹರಿಸುವ ಬ್ಯಾಕ್‌ವಾಶ್‌ಗೆ ಕಡಿಮೆ ವೇಗ ಸಾಲದು, ಮರಳು ಮೇಲೇಳುವುದೇ ಇಲ್ಲ. ಇದು ತಿಳಿಯುವಷ್ಟರಲ್ಲಿ ಆರು ತಿಂಗಳು ಗಲೀಜು ನೀರು.

ಬೆಂಗಳೂರು: 40,000 ಲೀಟರಾ? 2024ರ ಮಾರ್ಚ್‌ನಲ್ಲಿ ಇಲ್ಲಿ ಪೂಲ್‌ಗೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. ನಮ್ಮ ಬೀದಿ ಟ್ಯಾಂಕರ್ ಕಾಯುತ್ತಾ ಕೂತಿತ್ತು.

ಮೈಸೂರು: ಒಮ್ಮೆ ತುಂಬಿಸಿ ಮೂರು ವರ್ಷವಾಯಿತು. ಆವಿಯಾದದ್ದು, ಬ್ಯಾಕ್‌ವಾಶ್‌ಗೆ ಹೋದದ್ದು, ಅಷ್ಟನ್ನೇ ತುಂಬಿಸುತ್ತೇನೆ. ಬ್ಯಾಕ್‌ವಾಶ್ ನೀರನ್ನೂ ಅಂಗಳ ತೊಳೆಯಲು ಇಟ್ಟುಕೊಳ್ಳುತ್ತೇನೆ. ಗೊತ್ತಿಲ್ಲದೆ ಮಾತಾಡಬೇಡಿ.

ಬೆಂಗಳೂರು: ಗೊತ್ತಿದ್ದೇ ಹೇಳುತ್ತಿದ್ದೇನೆ. ಬೋರ್‌ವೆಲ್ ಬತ್ತಿದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಸ್ಯಾಕ್ರಮೆಂಟೊ: ಪ್ಲೇನೋದವರೇ, ಹೊಸ ಬೋರ್ಡ್ ಬಂದ ಮೇಲೆ ನೆರಳಿಗೆ ತಗಡು ಹಾಕಿಸಿದೆ. 210 ಡಾಲರ್. ಅದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ.