ಚಳಿ ಮುಗಿಯಿತು, ಅಪ್ಪ ಇನ್ನೂ ಕುರ್ಚಿ ಬಿಟ್ಟಿಲ್ಲ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಅಪ್ಪನಿಗೆ 78. ಮಂಡಿ ನೋವು ಅಂತ ಚಳಿಗಾಲವಿಡೀ ಒಳಗೇ ಕೂತಿದ್ದರು. ಈಗ ಬಿಸಿಲು ಹದವಾಗಿದೆ, ಗಿಡಮರ ಚಿಗುರುತ್ತಿವೆ. ಆದರೂ "ವಾಕಿಂಗ್ ಹೋಗೋಣ ಬನ್ನಿ" ಅಂದರೆ "ನೀವು ಹೋಗಿ ಬನ್ನಿ" ಅನ್ನುತ್ತಾರೆ. ನಿಧಾನವಾಗಿ ಓಡಾಡಲಿ ಅಂತ ಡಾಕ್ಟರು ಹೇಳಿದ್ದಾರೆ. ಬಲವಂತ ಮಾಡಲು ನನಗೆ ಮನಸ್ಸಿಲ್ಲ. ನಿಮ್ಮ ಅನುಭವ ಹೇಳಿ.

ಅತ್ತೆಯ ಜೊತೆಗಿರುವ ಸೊಸೆ

ನಮ್ಮ ಅತ್ತೆಯೂ ವಾಕಿಂಗ್‌ಗೆ ಕರೆದರೆ ಬರುತ್ತಿರಲಿಲ್ಲ. ಏನಾದರೂ ನೋಡಲು ಕರೆದರೆ ಬರುತ್ತಿದ್ದರು. ರಸ್ತೆ ತಿರುವಿನಲ್ಲಿ ಒಂದು ಮರ ಎಲೆ ಉದುರಿ ಬೋಳಾಗಿ ನಿಂತಿತ್ತು. "ಮೊಗ್ಗು ಬಂದ ಹಾಗಿದೆ, ನೋಡಿಕೊಂಡು ಬರೋಣವಾ?" ಅಂದೆ. ಕೈಗೆ ಸಿಗುವ ಕೊಂಬೆಯೊಂದನ್ನು ಬಗ್ಗಿಸಿ ಹಿಡಿದೆ. ಮೊಗ್ಗಿನ ಮೇಲೆ ಕಂದು ಸಿಪ್ಪೆ, ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟುತ್ತಿತ್ತು. ಒಂದರಲ್ಲಿ ಸಿಪ್ಪೆ ಬಿರಿದು, ಒಳಗಿನ ಎಲೆ ಬೀಸಣಿಗೆಯ ಹಾಗೆ ಮಡಚಿಕೊಂಡು ಇಣುಕುತ್ತಿತ್ತು. ಅತ್ತೆ ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. "ನಾಳೆ ಬಿಚ್ಚಿಕೊಳ್ಳುತ್ತೆ ನೋಡು" ಅಂದರು. ಮಾರನೆಯ ದಿನ ಕರೆಯುವ ಕೆಲಸವೇ ಇರಲಿಲ್ಲ, ಅವರೇ ಚಪ್ಪಲಿ ಹುಡುಕುತ್ತಿದ್ದರು. (ಚಪ್ಪಲಿ ಬೇಡ ಅಂತ ಹಿಮ್ಮಡಿ ಮುಚ್ಚುವ ಶೂ ಹಾಕಿಸಿದ್ದು ಇನ್ನೊಂದು ಕತೆ.) ಈ ಕಾಲದ ಅನುಕೂಲವೇ ಅದು. ಹೊಸ ಜಾಗ ಹುಡುಕಬೇಕಾಗಿಲ್ಲ, ಅದೇ ಜಾಗ ದಿನಾ ಬೇರೆ ಥರ ಕಾಣುತ್ತದೆ.

ದೂರವನ್ನು ಬೆಂಚಿನಿಂದ ಬೆಂಚಿಗೆ ಲೆಕ್ಕ ಹಾಕಿ. ಮೊದಲು ನೀವೊಬ್ಬರೇ ಹೋಗಿ ದಾರಿ ನೋಡಿ ಬನ್ನಿ. ಎಲ್ಲಿ ಕೂರಬಹುದು, ನೆರಳು ಎಲ್ಲಿದೆ, ಕಲ್ಲು ಎಲ್ಲಿ ಎದ್ದಿದೆ ಎಲ್ಲ ಗೊತ್ತಿರಲಿ. ತೀರಾ ತಗ್ಗಿನ ಕಟ್ಟೆ ಬೇಡ, ಕೂತರೆ ಏಳುವುದೇ ದೊಡ್ಡ ಕೆಲಸ. ಹೋದಷ್ಟೇ ದೂರ ವಾಪಸ್ ಬರಬೇಕು ಅನ್ನುವುದು ನಮಗೆ ಮರೆತು ಹೋಗುತ್ತದೆ. ಅವರಿಗೆ ಮರೆಯುವುದಿಲ್ಲ. ಸುಸ್ತಾಗುವ ಮುಂಚೆಯೇ ತಿರುಗಿ.

81ರ ಹಿರಿಯರು

ನಿಮ್ಮ ಅಪ್ಪನ ಪರವಾಗಿ ನಾನು ಹೇಳುತ್ತೇನೆ. ಮಂಡಿ ನೋವು ನಿಜವೇ ಇರಬಹುದು. ಆದರೆ ನಾವು ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿರುತ್ತದೆ. ದಾರಿಯಲ್ಲಿ ಮೂತ್ರಕ್ಕೆ ಅವಸರವಾದರೆ ಎಲ್ಲಿಗೆ ಹೋಗುವುದು? ಬಿಪಿಗೋ ಹೃದಯಕ್ಕೋ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆ ಇದೇ ಪಜೀತಿ. ಅದಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತೇವೆ. ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ತೊಂದರೆ ಇನ್ನೂ ಜಾಸ್ತಿ. ಮಕ್ಕಳ ಹತ್ತಿರ ಇದನ್ನು ಹೇಳಲು ಮುಜುಗರ. ನೀವೇ ಮಾತಿನ ಮಧ್ಯೆ "ಅಲ್ಲಿ ಟಾಯ್ಲೆಟ್ ಇದೆ, ಚೆನ್ನಾಗಿದೆ" ಅಂದುಬಿಡಿ, ಸಾಕು.

ಇನ್ನೊಂದು ಮಾತು. ನಮ್ಮ ತೋಳು ಹಿಡಿದು ಎಳೆದುಕೊಂಡು ಹೋಗಬೇಡಿ. ನಿಮ್ಮ ತೋಳು ಕೊಡಿ, ನಾವು ಹಿಡಿದುಕೊಳ್ಳುತ್ತೇವೆ. ಆಗ ಹೆಜ್ಜೆ ನಮ್ಮ ಲೆಕ್ಕದಲ್ಲಿ ಬೀಳುತ್ತದೆ.

ಫಿಸಿಯೋಥೆರಪಿ ಕೆಲಸದಲ್ಲಿರುವವರು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಚಟುವಟಿಕೆ ಹೇಳುತ್ತದೆ. ಅಂಕಿ ನೋಡಿ ಗಾಬರಿ ಬೇಡ. ಏನೂ ಮಾಡದೆ ಇರುವುದಕ್ಕಿಂತ ಸ್ವಲ್ಪ ಮಾಡಿದರೂ ಒಳ್ಳೆಯದು ಅಂತ ಅದರಲ್ಲೇ ಇದೆ. ಐದೈದು ನಿಮಿಷ ಒಡೆದುಕೊಂಡರೂ ಲೆಕ್ಕಕ್ಕೆ ಬರುತ್ತದೆ. ನಡೆಯುತ್ತಾ ಮಾತಾಡಲು ಆಗಬೇಕು. ಮಾತಿಗೂ ಉಸಿರು ಸಾಲದಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ.

ಎಲ್ಲರೂ ನಡಿಗೆಯ ಹಿಂದೆ ಬೀಳುತ್ತಾರೆ, ಸಮತೋಲನವನ್ನು ಮರೆಯುತ್ತಾರೆ. ನನ್ನ ಪ್ರಕಾರ ಬೀಳುವುದನ್ನು ತಪ್ಪಿಸಲು ಅದೇ ಮುಖ್ಯ. ಮಾರ್ಗಸೂಚಿಯೂ ಸಮತೋಲನ ಮತ್ತು ಶಕ್ತಿಯ ಅಭ್ಯಾಸ ವಾರಕ್ಕೆ 3 ದಿನವಾದರೂ ಇರಲಿ ಅನ್ನುತ್ತದೆ. ಬೆಂಚಿನ ಹತ್ತಿರವೇ ಮಾಡಿಸಬಹುದು. ಕೂತು ಏಳುವುದು, ಬೆಂಚಿನ ಒರಗು ಹಿಡಿದು ಹಿಮ್ಮಡಿ ಎತ್ತುವುದು. ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಕೂತಲ್ಲಿಂದ ಎದ್ದ ತಕ್ಷಣ ನಡೆಸಬೇಡಿ. ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು.

ಊರುಗೋಲು ಇದ್ದರೆ ನೋವಿನ ಕಾಲಿನ ಎದುರು ಕೈಯಲ್ಲಿರಲಿ. ಬಲ ಮಂಡಿ ನೋವಿಗೆ ಎಡಗೈ. ಎಷ್ಟೋ ಜನ ಉಲ್ಟಾ ಹಿಡಿಯುತ್ತಾರೆ. ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು. ತಲೆಸುತ್ತು, ಎದೆ ಬಿಗಿತ, ಎಂದಿಗಿಂತ ಜಾಸ್ತಿ ಏದುಸಿರು ಬಂದರೆ ಅಲ್ಲೇ ಕೂರಿಸಿ. ಎದೆ ಬಿಗಿತ ಕೂತರೂ ಕಡಿಮೆಯಾಗದಿದ್ದರೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ.

ಗಾಲಿಕುರ್ಚಿಯಲ್ಲಿರುವ ಅಮ್ಮನ ಮಗ

ಹೊರಗೆ ಹೋಗಲೇಬೇಕು ಅಂತೇನಿಲ್ಲ. 1984ರಲ್ಲಿ ರೋಜರ್ ಉಲ್ರಿಚ್ ಅನ್ನುವವರು ಪಿತ್ತಕೋಶದ ಆಪರೇಷನ್ ಆದವರ ದಾಖಲೆ ನೋಡಿ ಒಂದು ಅಧ್ಯಯನ ಪ್ರಕಟಿಸಿದ್ದರು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಅದನ್ನು ಓದಿದ ಮೇಲೆ ಅಮ್ಮನ ಕುರ್ಚಿಯನ್ನು ಟಿವಿ ಕಡೆಯಿಂದ ಕಿಟಕಿ ಕಡೆಗೆ ತಿರುಗಿಸಿದೆ. ಸೊಂಟದ ಎತ್ತರದ ಮೇಜಿನ ಮೇಲೆ ಕುಂಡ ಇಟ್ಟೆ. ಬೆರಳು ಸೆಟೆದಿರುವವರಿಗೆ ದೊಡ್ಡ ಬೀಜವೇ ಸರಿ, ಸಣ್ಣದು ಕೈಗೆ ಸಿಗುವುದಿಲ್ಲ. ಕುರ್ಪಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟೆ. ಹಕ್ಕಿಗಳಿಗೆ ಅಗಲ ತಟ್ಟೆಯಲ್ಲಿ ನೀರಿಟ್ಟಿದ್ದೇವೆ. ದಿನಾ ಬದಲಾಯಿಸಬೇಕು, ಇಲ್ಲದಿದ್ದರೆ ಸೊಳ್ಳೆ. ಆ ಕೆಲಸ ಅಮ್ಮನದ್ದು, ಬೇರೆಯವರು ಕೈ ಹಾಕಿದರೆ ಸಿಟ್ಟು.

ಇನ್ನೊಬ್ಬರು

ಹೆಜ್ಜೆ ಎಣಿಸುವ ವಾಚು ಮಾತ್ರ ಕೊಡಿಸಬೇಡಿ. ನಮ್ಮ ಮಾವ ಗಿಡ ನೋಡುವುದು ಬಿಟ್ಟು ಕೈ ನೋಡಿಕೊಂಡೇ ನಡೆಯುತ್ತಿದ್ದರು.

ಸೊಸೆ ಮತ್ತೆ

ಅದು ಅವರವರ ಸ್ವಭಾವ ಬಿಡಿ. ಲೆಕ್ಕ ಇಷ್ಟಪಡುವವರಿಗೆ ಅದೇ ಖುಷಿ. ಒಂದು ಹೇಳಲು ಮರೆತೆ. ಓದುವುದಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುವವರಿಗೆ ಕೆಳಗೆ ನೋಡಿದಾಗ ಮೆಟ್ಟಿಲು ಮಸುಕಾಗುತ್ತದೆ. ಹೊರಗೆ ಓಡಾಡಲು ದೂರದ್ದು ಮಾತ್ರ ಇರುವ ಕನ್ನಡಕ ಬೇರೆ ಮಾಡಿಸಬಹುದಾ ಅಂತ ಕಣ್ಣಿನ ಡಾಕ್ಟರನ್ನು ಕೇಳಿ. ಈ ಕಾಲದಲ್ಲಿ ಪರಾಗ ಜಾಸ್ತಿ. ಸೀನು, ಉಬ್ಬಸ ಇರುವವರು ಗಾಳಿ ಜೋರಾಗಿರುವ ಒಣ ದಿನ ಮನೆಯಲ್ಲೇ ಇದ್ದರೆ ವಾಸಿ. ಮಳೆ ಬಿದ್ದ ಮೇಲೆ ಹೋಗಬಹುದು, ನೆಲ ಆರಿದೆಯಾ ಅಂತ ನೋಡಿಕೊಂಡು.