ಕೆಳಗಿನ ಕಂಪ್ಯೂಟರಿನ ಫೋಲ್ಡರ್ ಮಹಡಿಯಲ್ಲಿ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ: ಅನುಭವ ಇದ್ದವರು ತಿಳಿಸಿ

ಶಿರಸಿಯಿಂದ ಬಂದ ಪ್ರಶ್ನೆ: ಜಗಲಿಯ ಹಳೆಯ ಕಂಪ್ಯೂಟರಿನಲ್ಲಿ ಅಡಿಕೆಯ ಲೆಕ್ಕ, ಅಪ್ಪ ಕೂಡಿಟ್ಟ ತಾಳಮದ್ದಲೆಯ ಧ್ವನಿಮುದ್ರಣ ಎಲ್ಲವೂ ಇವೆ. ಮಹಡಿಯ ಲ್ಯಾಪ್‌ಟಾಪಿನಿಂದ ಅವನ್ನು ತೆರೆಯುತ್ತಿದ್ದೆವು. ಎರಡೂ ವಿಂಡೋಸ್. ಮಳೆಗಾಲ ಹಿಡಿದು ಕರೆಂಟ್ ಹೋಗಿ ಬರಲು ಶುರುವಾದ ಮೇಲೆ ಫೋಲ್ಡರ್ ಮನಸ್ಸು ಬಂದಾಗ ಮಾತ್ರ ಸಿಗುತ್ತಿದೆ. ಏನು ಮಾಡಬೇಕು?

ಕುಮಟಾದಿಂದ: ನೆಟ್‌ವರ್ಕ್ ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರು ಕಾಣದಿದ್ದರೆ ಗಾಬರಿ ಬೇಡ. ಆ ಪಟ್ಟಿಯನ್ನು ನಾನು ನಂಬುವುದೇ ಇಲ್ಲ. ಕೆಳಗಿನ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್’ (ipconfig) ಕೊಟ್ಟು ಅದರ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಬರೆದುಕೊಳ್ಳಿ. ಮಹಡಿಯ ಲ್ಯಾಪ್‌ಟಾಪಿನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ \\192.168.1.10 ಎಂಬಂತೆ ಆ ವಿಳಾಸವನ್ನೇ ಕೊಡಿ.

ತೆರೆಯಿತೇ? ಹಾಗಾದರೆ ಲ್ಯಾಪ್‌ಟಾಪಿನ ವಿಳಾಸವನ್ನೂ ನೋಡಿ. ಕೆಳಗಿನದು 192.168.1 ಎಂದೂ ಮೇಲಿನದು 192.168.0 ಎಂದೂ ಶುರುವಾದರೆ ಮನೆಯಲ್ಲಿ ಎರಡು ನೆಟ್‌ವರ್ಕ್ ಇವೆ ಎಂದರ್ಥ. ನಮ್ಮ ಜಿಲ್ಲೆಯ ಚಿರೆಕಲ್ಲಿನ ದಪ್ಪ ಗೋಡೆಗಳನ್ನು ವೈಫೈ ದಾಟುವುದಿಲ್ಲವೆಂದು ಮಹಡಿಗೆ ಇನ್ನೊಂದು ರೂಟರ್ ಹಾಕಿಸುತ್ತೇವೆ. ಅದು ತನ್ನದೇ ವಿಳಾಸ ಹಂಚತೊಡಗುತ್ತದೆ. ಕರೆಂಟ್ ಬಂದಾಗ ಲ್ಯಾಪ್‌ಟಾಪ್ ಯಾವ ರೂಟರಿಗೆ ಸೇರಿಕೊಂಡಿತು ಎಂಬುದರ ಮೇಲೆ ಹೆಸರು ಕಾಣುವುದು, ಕಾಣದಿರುವುದು ನಿಂತಿರುತ್ತದೆ. ಮಹಡಿಯ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ತಾನು ವಿಳಾಸ ಹಂಚದೆ ಕೆಳಗಿನ ನೆಟ್‌ವರ್ಕನ್ನೇ ವೈಫೈಯಲ್ಲಿ ಮುಂದುವರಿಸುವಂತೆ, ಬದಲಿಸಿ. ಕೆಳಗಿನ ರೂಟರಿನ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಹಳೆಯ ಕಂಪ್ಯೂಟರಿಗೆ ಒಂದೇ ವಿಳಾಸ ಕಾಯ್ದಿರಿಸಿ. ಇಲ್ಲವಾದರೆ ಕರೆಂಟ್ ಹೋಗಿ ಬಂದ ಮೇಲೆ ವಿಳಾಸವೇ ಬೇರೆಯಾಗಿರಬಹುದು.

ವಿಳಾಸ ಕೊಟ್ಟರೂ ತೆರೆಯದಿದ್ದರೆ, ಕೆಳಗಿನ ಕಂಪ್ಯೂಟರಿನ ನೆಟ್‌ವರ್ಕ್ ‘ಪಬ್ಲಿಕ್’ ಎಂದಾಗಿದೆಯೇ ನೋಡಿ, ‘ಪ್ರೈವೇಟ್’ ಮಾಡಿ.

ಯಲ್ಲಾಪುರದಿಂದ: ಹೆಸರು, ಪಾಸ್‌ವರ್ಡ್ ಕೇಳಿದರೆ ಅಲ್ಲಿಯವರೆಗಿನ ದಾರಿ ಸರಿಯಿದೆ ಎಂದೇ ಲೆಕ್ಕ. ಅಲ್ಲಿ ಪಿನ್ ನಡೆಯುವುದಿಲ್ಲ, ಕೆಳಗಿನ ಕಂಪ್ಯೂಟರಿನ ಖಾತೆಯ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಬದಲಿಸಿದ್ದರೆ ಲ್ಯಾಪ್‌ಟಾಪಿನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ (ವಿಂಡೋಸ್ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಜಾಗ) ಉಳಿದಿರುವ ಹಳೆಯದನ್ನು ಅಳಿಸಿ.

ಎಸ್‌ಎಂಬಿ 1 (ವಿಂಡೋಸ್ ಫೈಲ್ ಹಂಚಿಕೆಯ ಹಳೆಯ ವಿಧಾನ) ಆನ್ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿದ್ದು ಅದರ ದೋಷದಿಂದಲೇ. ತಂದೆಯವರ ಧ್ವನಿಮುದ್ರಣ ಇರುವ ಕಂಪ್ಯೂಟರಿನಲ್ಲಿ ಆ ಬಾಗಿಲು ತೆರೆದಿಡುವುದು ಬೇಡವೇ ಬೇಡ. ಅವುಗಳ ಇನ್ನೊಂದು ಪ್ರತಿಯನ್ನು ಬೇರೆ ಡ್ರೈವ್‌ನಲ್ಲಿಟ್ಟು, ನಕಲು ಮುಗಿದ ಮೇಲೆ ಅದನ್ನು ಕಳಚಿಡಿ.

ಕಾರವಾರದಿಂದ: ಇಲ್ಲಿಯ ಉಪ್ಪುಗಾಳಿಗೆ ಲ್ಯಾನ್ ಕೇಬಲ್ಲಿನ ಪಿನ್ನುಗಳು ಹಸಿರುಗಟ್ಟುತ್ತವೆ. ನಿಮ್ಮ ಕಡೆ ಮಳೆಯ ತೇವವೂ ಸಾಕು. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿ ಬೇಕು, 100 ಮೆಗಾಬಿಟ್‌ಗೆ ನಾಲ್ಕು ಸಾಕು. ಹಾಗಾಗಿ ವೇಗ ಇದ್ದಕ್ಕಿದ್ದಂತೆ 100ಕ್ಕೆ ಇಳಿದಿದ್ದರೆ ಮೊದಲು ಪ್ಲಗ್ ಕಳಚಿ ನೋಡಿ. ಹೊಸ ಪ್ಲಗ್ ಹಾಕಿಸಿದರೆ ಟೆಸ್ಟರ್‌ನಲ್ಲಿ ಎಂಟೂ ದೀಪ ಹೊತ್ತಿದ್ದನ್ನು ಕಂಡ ಮೇಲೆಯೇ ಹಣ ಕೊಡಿ.