ಕೂಡ್ಲೂರು ಕೈಗಾರಿಕಾ ಪ್ರದೇಶ ಹಿಗ್ಗಿಸಿ, ತೆರಿಗೆ ಬಿಟ್ಟರೆ ಕೊಡಗಿಗೆ ಬಂಡವಾಳ ಬರುತ್ತದಾ?

ಕೊಪ್ಪ ಸೇತುವೆ:
ನಮ್ಮ ಮನೆ ಕುಶಾಲನಗರ. ತಮ್ಮ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದ. ಅವನ ಜೊತೆ ಓದಿದ ಎಂಟು ಹುಡುಗರಲ್ಲಿ ಊರಲ್ಲಿ ಉಳಿದವನು ಒಬ್ಬನೇ, ಅವನೂ ಅಪ್ಪನ ಹೋಮ್‌ಸ್ಟೇ ನೋಡಿಕೊಂಡಿದ್ದಾನೆ. 2001ರ ಜನಗಣತಿಯಲ್ಲಿ ಕೊಡಗಿನ ಜನ 5,48,561. 2011ರಲ್ಲಿ 5,54,519. ಹತ್ತು ವರ್ಷಕ್ಕೆ ಆರು ಸಾವಿರ ಜಾಸ್ತಿ, ಅಷ್ಟೇ. ಮಕ್ಕಳು ಹುಟ್ಟಲಿಲ್ಲ ಅಂತಲ್ಲ, ಹುಟ್ಟಿದವರು ಕೊಪ್ಪದ ಸೇತುವೆ ದಾಟಿ ಜಿಲ್ಲೆ ಬಿಟ್ಟರು.

ನನ್ನ ವಾದ ಇಷ್ಟು. ಕುಶಾಲನಗರದ ಪಕ್ಕದ ಕೂಡ್ಲೂರಿನಲ್ಲಿ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕೈಗಾರಿಕಾ ಪ್ರದೇಶ ಹೇಗೂ ಇದೆ. ಅದನ್ನು ಇನ್ನಷ್ಟು ಹಿಗ್ಗಿಸಿ, ವಿಶೇಷ ತೆರಿಗೆ ರಿಯಾಯಿತಿ ವಲಯ ಅಂತ ಮಾಡಬೇಕು. ಹೊಸದಾಗಿ ಬರುವವರಿಗೆ ಹತ್ತು ವರ್ಷ ತೆರಿಗೆ ಬಿಡಲಿ. ಹಿಮಾಚಲದ ಬದ್ದಿ ನೋಡಿ. 2003ರಲ್ಲಿ ಕೇಂದ್ರ ಪ್ಯಾಕೇಜ್ ಕೊಟ್ಟಿತು. ಹೊಸ ಕಾರ್ಖಾನೆಗೆ ಹತ್ತು ವರ್ಷ ಅಬಕಾರಿ ಸುಂಕ (ಕಾರ್ಖಾನೆಯಲ್ಲಿ ತಯಾರಾದ ಸರಕಿನ ಮೇಲೆ ಕೇಂದ್ರ ಹಾಕುತ್ತಿದ್ದ ತೆರಿಗೆ) ಇಲ್ಲ, ಮೊದಲ ಐದು ವರ್ಷ ಆದಾಯ ತೆರಿಗೆಯೂ ಇಲ್ಲ. ಔಷಧಿ ಕಂಪನಿಗಳು ಸಾಲುಗಟ್ಟಿ ಬಂದವು. ಇವತ್ತು ನೀವು ನುಂಗುವ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿದರೆ ಬದ್ದಿ ಅಂತ ಇರುತ್ತದೆ. ಅದೂ ಗುಡ್ಡಗಾಡಿನ ರಾಜ್ಯವೇ. ನಮಗೆ ಯಾಕೆ ಆಗಬಾರದು?

ಖಾತೆ ಕಿರ್ದಿ:
ಬದ್ದಿ ಉದಾಹರಣೆ ಎಲ್ಲರೂ ಕೊಡುತ್ತಾರೆ. ನಾನು ಲೆಕ್ಕಪತ್ರದ ಕೆಲಸದವನು, ಅದಕ್ಕೆ ಒಂದೆರಡು ಮಾತು.

ಬದ್ದಿಗೆ ಕಂಪನಿಗಳು ಓಡಿ ಬಂದಿದ್ದು ಅಬಕಾರಿ ಸುಂಕ ಉಳಿಯುತ್ತದೆ ಅಂತ. ಆಗ ಆ ಸುಂಕ ಸಾಮಾನ್ಯವಾಗಿ ಶೇ. 16 ಇತ್ತು. ಅಷ್ಟು ಉಳಿದರೆ ಯಾರು ಬೇಕಾದರೂ ಬರುತ್ತಾರೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಆ ಗಾಳವೇ ಹೋಯಿತು. ಈಗ ಒಂದು ಜಾಗಕ್ಕೆ ಮಾತ್ರ ಜಿಎಸ್‌ಟಿ ಮಾಫಿ ಅಂತ ರಾಜ್ಯ ತಾನೇ ಹೇಳುವ ಹಾಗಿಲ್ಲ. ತೆರಿಗೆ ಕಟ್ಟಿಸಿಕೊಂಡು, ಆಮೇಲೆ ಖಜಾನೆಯಿಂದ ವಾಪಸ್ ಕೊಡಬೇಕು. ಹಿಮಾಚಲದ ಹಳೇ ಕಾರ್ಖಾನೆಗಳಿಗೂ ಕೇಂದ್ರ ಹಾಗೇ ಮಾಡಿತು. ನಗದಾಗಿ ಕಟ್ಟಿದ ಕೇಂದ್ರ ಜಿಎಸ್‌ಟಿಯಲ್ಲಿ ಶೇ. 58 ವಾಪಸ್, ಅದೂ ಉಳಿದಿದ್ದ ಅವಧಿಗೆ ಮಾತ್ರ.

ಇನ್ನು ಆದಾಯ ತೆರಿಗೆ ಕೇಂದ್ರದ ಕೈಯಲ್ಲಿದೆ. ವಿಶೇಷ ಆರ್ಥಿಕ ವಲಯಗಳಿಗೆ ಮೊದಲ ಐದು ವರ್ಷ ಪೂರ್ತಿ, ಮುಂದಿನ ಐದು ವರ್ಷ ಅರ್ಧ ವಿನಾಯಿತಿ ಇತ್ತು. 2020ರ ನಂತರ ಶುರುವಾಗುವ ಘಟಕಗಳಿಗೆ ಅದೂ ಇಲ್ಲ. ಹಾಗಾದರೆ ರಾಜ್ಯದ ಕೈಯಲ್ಲಿ ಉಳಿದದ್ದು ಮುದ್ರಾಂಕ ಶುಲ್ಕ, ಭೂ ಪರಿವರ್ತನೆ ಶುಲ್ಕ, ವಿದ್ಯುತ್ ತೆರಿಗೆ, ಬಂಡವಾಳ ಸಬ್ಸಿಡಿ. ಇವೆಲ್ಲ ಕೈಗಾರಿಕಾ ನೀತಿಯಲ್ಲಿ ಬೆಂಗಳೂರಿನ ಆಚೆಗಿನ ಜಿಲ್ಲೆಗಳಿಗೆ ಆಗಲೇ ಇವೆ. ನಿಮ್ಮ ಹೊಸ ವಲಯ ಅದರ ಮೇಲೆ ಏನು ಕೊಡುತ್ತದೆ?

ಹಾರಂಗಿ ದಂಡೆ:
ತೆರಿಗೆ ಆಮೇಲೆ. ಮೊದಲು ಜಾಗ ಎಲ್ಲಿ ಹೇಳಿ.

ಜಿಲ್ಲೆ ಇರುವುದೇ 4,102 ಚದರ ಕಿ.ಮೀ. ಅದರಲ್ಲಿ ಕಾಡು, ದೇವರಕಾಡು, ತೋಟ, ಜಮ್ಮಾ ಬಾಣೆ (ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನು) ಎಲ್ಲ ಕಳೆಯಿರಿ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಕಸ್ತೂರಿರಂಗನ್ ವರದಿ 2013ರಲ್ಲಿ ಬಂತು, ಕೇಂದ್ರದ ಕರಡು ಅಧಿಸೂಚನೆಯ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ನಮ್ಮ 55 ಹಳ್ಳಿಗಳಿವೆ. ರಾಜ್ಯ ಅದನ್ನು ಒಪ್ಪಿಲ್ಲ, ನಾವೂ ಬಂದ್ ಮಾಡಿದ್ದೇವೆ, ಆ ಜಗಳ ಬೇರೆ. ಒಟ್ಟಿನಲ್ಲಿ ಬೆಟ್ಟದ ಕಡೆಗೆ ದೊಡ್ಡ ಕಾರ್ಖಾನೆ ಹೋಗಲ್ಲ. ಹೋಗಬಾರದು ಕೂಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಹೇಗೆ ಜಾರಿತು ಅಂತ ಕಣ್ಣಾರೆ ಕಂಡವನು ನಾನು.

ಹಾಗಾಗಿ ಎಲ್ಲ ಭಾರ ಬೀಳುವುದು ಕುಶಾಲನಗರ–ಕೂಡಿಗೆ ಪಟ್ಟಿಯ ಮೇಲೆ. ಅದು ಗದ್ದೆ ಬಯಲು. ಕೆಐಎಡಿಬಿ ಕಾಯ್ದೆ 1966ರದ್ದು, ಅದರ 28ನೇ ಕಲಮಿನ ಪ್ರಕಾರ ಭೂಸ್ವಾಧೀನದ ನೋಟಿಸ್ ಬಂತು ಅಂದರೆ ಸಣ್ಣ ಹಿಡುವಳಿದಾರ ಏನು ಮಾಡುತ್ತಾನೆ? ಪರಿಹಾರ ತಗೊಂಡು ಪಕ್ಕದ ತಾಲೂಕಿನಲ್ಲಿ ಸೈಟು ಹುಡುಕುತ್ತಾನೆ. ನೀರಿನ ಮಾತೂ ಇದೆ. ಕೂಡಿಗೆಯಲ್ಲಿ ಹಾರಂಗಿ ಕಾವೇರಿ ಸೇರುತ್ತದೆ. ಅಲ್ಲಿಂದ ಕಣಿವೆ, ರಾಮನಾಥಪುರ, ಕೆಆರ್‌ಎಸ್. ನಾವು ಬಿಟ್ಟದ್ದನ್ನು ಕೆಳಗಿನವರು ಕುಡಿಯುತ್ತಾರೆ. ಮಳೆಗಾಲದಲ್ಲಿ ಹೊಳೆ ತುಂಬಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ಮರೆತಿಲ್ಲ ತಾನೇ?

ಕೊಪ್ಪ ಸೇತುವೆ:
@ಹಾರಂಗಿ ದಂಡೆ, ನಾನು ತಾಳತ್ತಮನೆಯಲ್ಲಿ ಸಿಮೆಂಟ್ ಕಾರ್ಖಾನೆ ಕೇಳುತ್ತಿಲ್ಲ ಮಾರಾಯ್ರೆ. ಬದ್ದಿಯೂ ಬೆಟ್ಟದ ಮೇಲಿಲ್ಲ, ಬಯಲಿನ ಅಂಚಿನಲ್ಲಿ, ಚಂಡೀಗಢದ ಹತ್ತಿರ ಇದೆ. ಕುಶಾಲನಗರವೂ ಹಾಗೇ. ಮಳೆ ಕಡಿಮೆ, ನೆಲ ಸಮ, ಮೈಸೂರು ಹೆದ್ದಾರಿ ಬಾಗಿಲಲ್ಲೇ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಾರ್ಖಾನೆಗಳು) ಇಲ್ಲಿರುವುದು ಸುಮ್ನೆ ಅಲ್ಲ.

ಸುಂಟಿಕೊಪ್ಪದ ಹುರಿಗಡಲೆ:
ಹೆಸರು ನೋಡಿ ನಗಬೇಡಿ, ನಾನು ಹುರಿಯುವುದು ಕಾಫಿ.

ನಮ್ಮದು ಏಳು ಎಕರೆ, ಹೆಚ್ಚು ರೊಬಸ್ಟಾ. ಮನೆಯ ಹಿಂದಿನ ಶೆಡ್‌ನಲ್ಲಿ ಹದಿನೈದು ಕೆಜಿಯ ರೋಸ್ಟರ್ ಇಟ್ಟಿದ್ದೇನೆ. ನಾಲ್ಕು ಹೆಂಗಸರು ಕೆಲಸಕ್ಕೆ ಬರುತ್ತಾರೆ, ನಾಲ್ವರೂ ಇದೇ ಊರಿನವರು. ಆದ್ದರಿಂದ ಬಂಡವಾಳ, ಉದ್ಯೋಗ ಅನ್ನುವ ಮಾತಿನಲ್ಲಿ ನನಗೂ ಒಂದು ಪಾಲಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ಮೊದಲನೆಯದು, ನಮ್ಮ ಸರಕಿನ ಮೇಲೆ ಬಿಡುವಂಥ ತೆರಿಗೆ ಎಷ್ಟಿದೆ? ಹುರಿಯದ ಬೀಜಕ್ಕೆ ಜಿಎಸ್‌ಟಿ ಇಲ್ಲ. ಹುರಿದ ಕಾಫಿಗೆ ಶೇ. 5. ಅದರಲ್ಲಿ ರಾಜ್ಯದ ಪಾಲು ಎರಡೂವರೆ. ಹತ್ತು ಲಕ್ಷದ ಪುಡಿ ಮಾರಿದರೆ ಇಪ್ಪತ್ತೈದು ಸಾವಿರ, ಅದರಲ್ಲೂ ಪ್ಯಾಕಿಂಗ್ ಕವರಿಗೆ ಕಟ್ಟಿದ ತೆರಿಗೆ ಮುರಿದುಕೊಳ್ಳಬೇಕು. ದೆಹಲಿಗೆ ಕಳಿಸಿದ ಪುಡಿಯಾದರೆ ರಾಜ್ಯಕ್ಕೆ ಏನೂ ಬರುವುದಿಲ್ಲ, ಆ ತೆರಿಗೆ ಕುಡಿಯುವವನ ಊರಿಗೆ ಹೋಗುತ್ತದೆ. ಬಾರದ ದುಡ್ಡನ್ನು ಸರ್ಕಾರ ನನಗೆ ವಾಪಸ್ ಕೊಡುವುದು ಹೇಗೆ?

ಎರಡನೆಯದು, ನಿಜವಾಗಿ ಚುಚ್ಚುವುದು ಆದಾಯ ತೆರಿಗೆಯ 7ಬಿ ನಿಯಮ. ತೋಟದಿಂದ ಒಣಗಿಸಿದ ಚೆರಿಯನ್ನು (ಕಾಫಿ ಹಣ್ಣನ್ನು) ಹಾಗೇ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ. 25 ವ್ಯಾಪಾರದ ಲೆಕ್ಕ. ಹುರಿದು ಪುಡಿ ಮಾಡಿದರೆ ಶೇ. 40. ಅಂದರೆ ಊರಲ್ಲೇ ಕೆಲಸ ಹುಟ್ಟಿಸುತ್ತಾ ಹೋದ ಹಾಗೆ ತೆರಿಗೆ ಏರುತ್ತದೆ. ಲಾರಿಗೆ ತುಂಬಿ ಹುಣಸೂರಿಗೆ ಕಳಿಸಿದವನು ಹಾಯಾಗಿರುತ್ತಾನೆ. ಇದನ್ನು ಕೂಡ್ಲೂರಿನ ಯಾವ ವಲಯವೂ ತಿದ್ದಲಾರದು.

ಮೂರನೆಯದು ಸಿಟ್ಟಿನದು. ರಿಯಾಯಿತಿ "ಹೊಸದಾಗಿ ಬರುವವರಿಗೆ" ಅಂದಿರಲ್ಲ? ನಾವು ಆಗಲೇ ಇದ್ದೇವೆ. ಇದ್ದವರು ಪೂರ್ತಿ ಕಟ್ಟಬೇಕು, ಬಂದವರಿಗೆ ಬಿಡುವುದು. ಮನೆ ಮಗಳಿಗೆ ಗಂಜಿ, ನೆಂಟರಿಗೆ ಕಡುಬು.

ಖಾತೆ ಕಿರ್ದಿ:
ಅಕ್ಕ, 7ಬಿ ನೀವು ಹೇಳಿದ್ದು ಸರಿ. ಓದುವವರಿಗೆ ಒಂದು ತಿದ್ದುಪಡಿ ಅಷ್ಟೇ. ಶೇ. 40 ತೆರಿಗೆ ಅಂತ ಹೆದರಬೇಡಿ. ಹತ್ತು ಲಕ್ಷ ಲಾಭ ಬಂದರೆ ನಾಲ್ಕು ಲಕ್ಷವನ್ನು ವ್ಯಾಪಾರದ ಆದಾಯ ಅಂತ ಹಿಡಿಯುತ್ತಾರೆ. ಉಳಿದ ಆರು ಲಕ್ಷ ಕೃಷಿ ಆದಾಯವೇ, ಆದರೆ ತೆರಿಗೆಯ ದರ ಲೆಕ್ಕ ಹಾಕುವಾಗ ಅದನ್ನೂ ಜೊತೆಗೆ ಕೂಡಿಸುತ್ತಾರೆ.

ಪೊನ್ನಂಪೇಟೆ ಮಾವ:
ಕಾಫಿಗೆ ಈಗ ರೇಟು ಇದೆ ಅಂತ ಎಲ್ಲರಿಗೂ ಕೈಗಾರಿಕೆ ನೆನಪಾಗಿದೆ. ರೇಟು ಬಿದ್ದ ವರ್ಷ ಇದೇ ಜನ ತೋಟ ಕಡಿದು ರೆಸಾರ್ಟ್ ಮಾಡುವ ಮಾತಾಡಿದರು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಯಾರು ಬೇಕಾದರೂ ಜಮೀನು ಕೊಳ್ಳಬಹುದು. ವಲಯ ಅಂತ ಬೋರ್ಡು ಬೀಳುವ ಮೊದಲೇ ಸುತ್ತಲಿನ ಗದ್ದೆಗಳ ಬೆಲೆ ಏರಿಸಿ ಕೂರುವವರು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಕಾರ್ಖಾನೆ ಬರುತ್ತೋ ಇಲ್ಲವೋ, ಅವರು ಮಾತ್ರ ಬದುಕುತ್ತಾರೆ.

ಬೆಟ್ಟದಪುರ ರಸ್ತೆ:
ನಾನು ಸೇತುವೆ ಆಚೆಯವನು, ಪಿರಿಯಾಪಟ್ಟಣ ತಾಲೂಕು. ಎರಡು ಮಾತು ಹೇಳಬಹುದಾ?

ಕೂಡ್ಲೂರಿನಲ್ಲಿ ಹೊಸ ಕಾರ್ಖಾನೆ ಬಂದರೆ ಕೆಲಸಕ್ಕೆ ಮೊದಲು ಬರುವವರು ನಾವೇ. ಈಗಲೂ ಕಾಫಿ ಕೊಯ್ಲಿಗೆ ನಮ್ಮ ಕಡೆಯಿಂದ ದಿನಾ ಜೀಪು, ಪಿಕಪ್ ತುಂಬಿ ಜನ ಹೋಗುತ್ತಾರೆ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಅಸ್ಸಾಮಿನವರು ತುಂಬಿದ್ದಾರೆ. ಅಂದರೆ ಕೊಡಗಿನಲ್ಲಿ ಕೆಲಸ ಇಲ್ಲ ಅಂತಲ್ಲ, ಕೊಡಗಿನ ಹುಡುಗರಿಗೆ ಬೇಕಾದ ಕೆಲಸ ಇಲ್ಲ. ಕೈಗಾರಿಕಾ ನೀತಿಯಲ್ಲಿ ಕನ್ನಡಿಗರಿಗೆ ಶೇ. 70 ಕೆಲಸ, ಡಿ ದರ್ಜೆಯಲ್ಲಿ ನೂರಕ್ಕೆ ನೂರು ಅಂತ ಬರೆದಿದ್ದಾರೆ. ಅದು ಕನ್ನಡಿಗರಿಗೆ, ಕೊಡಗಿನವರಿಗೆ ಅಂತ ಎಲ್ಲೂ ಇಲ್ಲ. ನಮಗೇನು, ಸಂತೋಷವೇ. ಆದರೆ @ಕೊಪ್ಪ ಸೇತುವೆ, ನಿಮ್ಮ ತಮ್ಮ ಪ್ಯಾಕಿಂಗ್ ಲೈನಿನಲ್ಲಿ ನಿಲ್ಲಲು ಬೆಂಗಳೂರು ಬಿಟ್ಟು ಬರುತ್ತಾನಾ?

ಕೊಪ್ಪ ಸೇತುವೆ:
ಬರಲ್ಲ. ಒಪ್ಪಿದೆ.

ಆದರೆ ಎಲ್ಲರ ತಮ್ಮಂದಿರೂ ಇಂಜಿನಿಯರ್ ಅಲ್ಲ. ನಮ್ಮ ಬೀದಿಯಲ್ಲೇ ಪಿಯುಸಿ, ಐಟಿಐ ಮಾಡಿ ಕೂತವರಿದ್ದಾರೆ. ಹಾಸನದ ಜವಳಿ ವಲಯಕ್ಕೆ ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಸಂಬಳ ದೊಡ್ಡದಲ್ಲ, ಆದರೆ ತಿಂಗಳು ತಿಂಗಳು ಬರುತ್ತದೆ. ಕೊಯ್ಲು ನಾಲ್ಕು ತಿಂಗಳು. ಉಳಿದ ಎಂಟು ತಿಂಗಳ ಲೆಕ್ಕ ಯಾರೂ ಹೇಳುತ್ತಿಲ್ಲ.

ಸುಂಟಿಕೊಪ್ಪದ ಹುರಿಗಡಲೆ:
ಎಂಟು ತಿಂಗಳ ಲೆಕ್ಕ ನಾನು ಹೇಳುತ್ತೇನೆ. ಹುರಿಯುವುದಕ್ಕೆ ಕೊಯ್ಲಿನ ಹಂಗಿಲ್ಲ. ಬೀಜ ಗೋದಾಮಿನಲ್ಲಿದ್ದರೆ ಆಷಾಢದಲ್ಲೂ ಹುರಿಯಬಹುದು. ನನಗೆ ಆಷಾಢದಲ್ಲಿ ಕೈಕೊಡುವುದು ತೆರಿಗೆ ಅಲ್ಲ, ಕರೆಂಟು. ಜುಲೈನಲ್ಲಿ ಒಂದು ಮರ ತಂತಿ ಮೇಲೆ ಬಿತ್ತು ಅಂದರೆ ಮೂರು ದಿನ ಕತ್ತಲೆ. ಒಂದು ಸಲ ಡ್ರಮ್ ತಿರುಗುತ್ತಿರುವಾಗಲೇ ಕರೆಂಟ್ ಹೋಗಿ ಹದಿನೈದು ಕೆಜಿ ಅರೇಬಿಕಾ ಇದ್ದಿಲಾಯಿತು. ಆಮೇಲೆ ಸಾಲ ಮಾಡಿ ಜನರೇಟರ್ ತಂದೆ. ಈಗ ಡೀಸೆಲ್ಲಿಗೆ ಹೋಗುವ ದುಡ್ಡು ಜಿಎಸ್‌ಟಿಗಿಂತ ಜಾಸ್ತಿ.

ಸಬ್ಸಿಡಿ ಸಿಗಲೇ ಇಲ್ಲ ಅಂತಲ್ಲ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಅಂತ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯದ್ದು ಶೇ. 35, ಅದರ ಮೇಲೆ ರಾಜ್ಯ ಶೇ. 15 ಸೇರಿಸಿತು. ಒಟ್ಟು ಅರ್ಧ, ಹದಿನೈದು ಲಕ್ಷದವರೆಗೆ. ನನ್ನ ರೋಸ್ಟರ್ ಬಂದಿದ್ದು ಅದರಲ್ಲೇ. ಯಾವ ವಲಯದೊಳಗೂ ಇರಬೇಕಾಗಿರಲಿಲ್ಲ, ಮನೆ ಹಿಂದಿನ ಶೆಡ್ ಸಾಕಾಯಿತು. ಬ್ಯಾಂಕಿಗೆ ಒಂಬತ್ತು ಸಲ ಅಲೆದೆ, ಅದು ಬೇರೆ ಕಥೆ.

ಹಾರಂಗಿ ದಂಡೆ:
ಅಕ್ಕನ ಶೆಡ್ ಹಿಗ್ಗಿಸುವುದಾದರೆ ನನ್ನ ತಕರಾರಿಲ್ಲ. ಹುರಿಯುವುದರಿಂದ ಹೊಳೆಗೆ ಏನೂ ಬರುವುದಿಲ್ಲ. ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರು, ಬೇರೆ. ನವೆಂಬರಿನಿಂದ ಜನವರಿವರೆಗೆ ತೋಟಗಳಿಂದ ತೋಡಿಗೆ ಬಿಡುವ ಆ ನಾರುವ ನೀರನ್ನು ಮೊದಲು ನಿಲ್ಲಿಸಬೇಕು. ಕಾರ್ಖಾನೆಯನ್ನು ಬೈಯುವ ಬೆಳೆಗಾರರೂ ಇದನ್ನು ಒಪ್ಪಬೇಕು. ನಾನೂ ಬೆಳೆಗಾರನೇ.

ಖಾತೆ ಕಿರ್ದಿ:
ಇಲ್ಲಿ ಯಾರೂ ಮುಟ್ಟದ ಒಂದು ವಿಷಯ ಪಂಚಾಯಿತಿ. ರಿಯಾಯಿತಿ ಘೋಷಿಸುವುದು ಬೆಂಗಳೂರಿನಲ್ಲಿ. ಲಾರಿ ಓಡಿ ರಸ್ತೆ ಗುಂಡಿ ಬೀಳುವುದು, ಕಸ ಎತ್ತುವುದು, ಬೀದಿ ದೀಪ ಹಾಕುವುದು ಇಲ್ಲಿ. ಪಂಚಾಯಿತಿಗೆ ಇರುವ ಸ್ವಂತ ಆದಾಯ ಅಂದರೆ ಮುಖ್ಯವಾಗಿ ಕಟ್ಟಡ ತೆರಿಗೆ, ನೀರಿನ ದರ. ಬಂಡವಾಳ ಕರೆಯುವ ಭರದಲ್ಲಿ ಅದನ್ನೂ ಬಿಟ್ಟರೆ ಊರಿಗೆ ಉಳಿಯುವುದು ಧೂಳು ಮಾತ್ರ. ಆದ್ದರಿಂದ ಬಿಡುವುದಾದರೆ ರಾಜ್ಯ ತನ್ನ ಪಾಲು ಬಿಡಲಿ, ಪಂಚಾಯಿತಿಯ ಪಾಲಿಗೆ ಕೈ ಹಾಕಬಾರದು. ಮತ್ತೆ ಕೊಡುವುದನ್ನು ಎಷ್ಟು ಜನರಿಗೆ ಕೆಲಸ ಕೊಟ್ಟರು ಅಂತ ಪಿಎಫ್ ಚಲನ್ ನೋಡಿ ವರ್ಷ ವರ್ಷ ಕೊಡಲಿ. ಮೊದಲೇ ಕೊಟ್ಟರೆ ಹನ್ನೊಂದನೇ ವರ್ಷ ಬೀಗ ಹಾಕಿ ಹೋಗುತ್ತಾರೆ.

ಕೊಪ್ಪ ಸೇತುವೆ:
ಸರಿ, ನನ್ನ ಬೇಡಿಕೆ ಬದಲಾಯಿಸುತ್ತೇನೆ. ಪೂರ್ತಿ ಅಲ್ಲ, ಅರ್ಧ.

ಹೊಸ ಜಮೀನು ವಶ ಮಾಡಿಕೊಳ್ಳುವ ಮಾತು ಸದ್ಯಕ್ಕೆ ಬೇಡ. ಈಗಿರುವ ಪ್ರದೇಶದಲ್ಲೇ ಹಂಚಿಕೆಯಾಗಿ ಖಾಲಿ ಬಿದ್ದ ಸೈಟುಗಳಿದ್ದರೆ ವಾಪಸ್ ತಗೊಂಡು, ಅಲ್ಲಿ ಒಂದು ದೊಡ್ಡ ರೋಸ್ಟರ್, ಗೋದಾಮು, ಪ್ಯಾಕಿಂಗ್ ಯಂತ್ರ ಇಡಲಿ. ಮಳೆಗಾಲದಲ್ಲೂ ನಿಲ್ಲದ ಕರೆಂಟ್ ಲೈನ್ ಕೊಡಲಿ. ಕೂರ್ಗ್ ಅರೇಬಿಕಾಗೆ 2019ರಲ್ಲೇ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ, ಆದರೂ ಬೀಜ ಚೀಲದಲ್ಲೇ ಊರು ಬಿಡುತ್ತಿದೆ. ವಿದ್ಯುತ್ ತೆರಿಗೆ ವಿನಾಯಿತಿ ಇದ್ದವರಿಗೂ, ಬಂದವರಿಗೂ ಒಂದೇ. ಹೊರಗಿನ ದೊಡ್ಡ ಕಂಪನಿ ಬರುವುದಾದರೆ ಕಿರ್ದಿಯವರು ಹೇಳಿದ ಹಾಗೆ, ಕೆಲಸ ತೋರಿಸಿದ ಮೇಲೆ ದುಡ್ಡು.

ದೊಡ್ಡ ಕಂಪನಿ ಬೇಡವೇ ಬೇಡ ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ.

ಪೊನ್ನಂಪೇಟೆ ಮಾವ:
ಖಾಲಿ ಸೈಟು ವಾಪಸ್ ತಗೊಳ್ಳುವುದಾ! ಹೊಸ ಜಮೀನು ಸಿಕ್ಕಬಹುದು ತಮ್ಮ, ಅದು ಸಿಕ್ಕಲ್ಲ.

ಸುಂಟಿಕೊಪ್ಪದ ಹುರಿಗಡಲೆ:
ಮಾವ ಹೇಳಿದ್ದು ನಿಜ ಇರಬಹುದು. ಆದರೂ ಕೇಳುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಯಾವ ಸೈಟು ಯಾರಿಗೆ, ಯಾವ ವರ್ಷ ಹಂಚಿದ್ದು, ಅಲ್ಲಿ ಏನು ನಡೆಯುತ್ತಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿಗೆ ಹತ್ತು ರೂಪಾಯಿ.

@ಖಾತೆ ಕಿರ್ದಿ, ಒಂದು ಪ್ರಶ್ನೆ ಉಳಿಯಿತು. ಆ ಸಾಮಾನ್ಯ ರೋಸ್ಟರಿನಲ್ಲಿ ಬೇರೆಯವರು ಹುರಿದುಕೊಟ್ಟರೆ, ಪುಡಿ ನನ್ನ ಹೆಸರಲ್ಲೇ ಮಾರಿದರೆ, ಆಗಲೂ ನಲವತ್ತೇನಾ?

ಖಾತೆ ಕಿರ್ದಿ:
ಅಕ್ಕ, ಅದಕ್ಕೆ ಇಲ್ಲಿ ಉತ್ತರ ಬರೆದರೆ ನಾಳೆ ಹತ್ತು ಜನ ನನ್ನ ಹೆಸರು ಹೇಳಿ ರಿಟರ್ನ್ ಹಾಕುತ್ತಾರೆ. ಹುರಿಯುವ ಕೂಲಿಯ ಬಿಲ್ಲು, ಬೀಜ ಕಳಿಸಿದ ಚಲನ್, ಎರಡನ್ನೂ ಜೋಪಾನವಾಗಿಡಿ. ಮಾರ್ಚ್ ಮುಗಿಯುವ ಮೊದಲು ನಿಮ್ಮ ಆಡಿಟರ್ ಹತ್ತಿರ ಕೂತು ಕೇಳಿ. ಹೋಗುವಾಗ ಕಾಲು ಕೆಜಿ ಪುಡಿ ತಗೊಂಡು ಹೋಗಿ, ಚಿಕೋರಿ ಹಾಕದ್ದು.